ರೌಶನ್ ಬೀಯ ವಿಚಾರಣೆ

ಆಲ್ದೂರಿನಲ್ಲಿ ಹಗಲು ಹೊತ್ತು ಮುಂಬಾಗಿಲು ಹಾಕಿದ ಮನೆ ಎಂದರೆ ಎರಡೇ ಅರ್ಥ. ಒಂದೋ ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದಾರೆ, ಇಲ್ಲವೋ ಒಳಗೆ ಯಾರಿಗೋ ಏನೋ ಆಗಿದೆ. ಹಾಗಾಗಿ ಆ ಗುರುವಾರ ಬೆಳಿಗ್ಗೆ ಜೀಪು ಗ್ಯಾರೇಜಿನ ಸರ್ದಾರ್ ಸಾಬರ ಮನೆಯ ಬಾಗಿಲು ಹಾಕಿದ್ದನ್ನು ಕಂಡ ಎದುರು ಮನೆಯ ರುಕ್ಮಿಣಮ್ಮ, ಒಲೆಯ ಮೇಲಿನ ಹಾಲನ್ನೂ ಇಳಿಸದೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಓಡಿ ಬಂದರು.

"ರೌಶನ್ ಬೀ, ಎಂಥ ಆಯ್ತು? ಯಾರಿಗೆ ಆಯ್ತು?" ಎಂದು ಬಾಗಿಲು ಬಡಿದರು.

ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಅಲ್ಲೇ ನಿಂತಿತು. ಅಡ್ಡಕ್ಕೆ ಹೊಸ ಹಿತ್ತಾಳೆ ಸರಪಳಿ. ಸಂದಿಯಲ್ಲಿ ಮನೆಯ ಸೊಸೆ ತಾಹಿರಾಳ ಒಂದು ಕಣ್ಣು.

"ಯಾರು ನೀವು?" ಎಂದಳು ತಾಹಿರಾ.

ರುಕ್ಮಿಣಮ್ಮ ಹಾಗೇ ನಿಂತುಬಿಟ್ಟರು. ಎರಡು ವರ್ಷದ ಹಿಂದೆ ಈ ಹುಡುಗಿ ಸೊಸೆಯಾಗಿ ಬಂದಾಗ ಕಡುಬು ಬೇಯಿಸುವುದನ್ನು ಹೇಳಿಕೊಟ್ಟವರೇ ಅವರು.

"ಹಾಗೆ ಕೇಳಬೇಕಂತೆ ರುಕ್ಮಿಣಮ್ಮ," ತಾಹಿರಾ ಪಿಸುಗುಟ್ಟಿದಳು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. "ಇವರು ಹಿಂದೇನೇ ನಿಂತಿದಾರೆ."

ಹಿಂದೆ ನಿಂತಿದ್ದವನು ಅವಳ ಗಂಡ ಇದ್ರೀಸ್. ಕುವೈತಿನ ದೊಡ್ಡ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಮದುವೆಯಾದ ಮೇಲೆ ಇದೇ ಮೊದಲ ಸಲ ರಜೆಯ ಮೇಲೆ ಬಂದಿದ್ದ. ಈ ಸಲ ಒಬ್ಬನೇ ಹೋಗುವವನಲ್ಲ, ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ವೀಸಾ ಮಾಡಿಸಿಕೊಂಡು ಬಂದಿದ್ದ. ಆದರೆ ಬಂದ ಮರುದಿನವೇ, ಪೆಟ್ಟಿಗೆಯ ಬಟ್ಟೆಗಳನ್ನು ಪೂರ್ತಿ ತೆಗೆಯುವ ಮೊದಲೇ, ಅಪ್ಪನ ಡ್ರಿಲ್ಲು ತಂದು ಮುಂಬಾಗಿಲಿಗೆ ಸರಪಳಿ ಜಡಿದು, ಕಣ್ಣಿಟ್ಟು ನೋಡಲು ಒಂದು ತೂತನ್ನೂ ಕೊರೆದಿದ್ದ.

"ಅಲ್ಲಿ ಬಾಗಿಲು ಹೀಗೇ ಇರೋದು. ಇಲ್ಲೇ ರೂಢಿ ಮಾಡ್ಕೊ," ಎಂದ. "ನಾನು ಕೆಲಸಕ್ಕೆ ಹೋದ್ರೆ ಬರೋದು ಸಂಜೆ. ಯಾರು ಬಡಿದ್ರೂ ತೆಗೀಬಾರದು. ಮಾತೂ ಆಡಬಾರದು."

ತಾಹಿರಾ ತಲೆಯಾಡಿಸಿದಳು. ಮದುವೆಯಾದ ಎರಡು ತಿಂಗಳಿಗೇ ವಿಮಾನ ಹತ್ತಿದ್ದ ಗಂಡನ ಜೊತೆ ಇರುವುದಕ್ಕಾಗಿ ಅವಳು ಸರಪಳಿಯಲ್ಲ, ಬಾಗಿಲಿಗೆ ಬಂಡೆಯನ್ನೇ ಒರಗಿಸಲು ತಯಾರಿದ್ದಳು.

ತಯಾರಿಲ್ಲದವರು ಅತ್ತೆ ರೌಶನ್ ಬೀ. ಅವರ ಮನೆ ರಸ್ತೆಗೇ ಅಂಟಿಕೊಂಡಿತ್ತು, ಪಕ್ಕದಲ್ಲೇ ಗ್ಯಾರೇಜು. ಕಾಫಿ ಕೊಯ್ಲಿನ ದಿನಗಳಲ್ಲಿ ಎಸ್ಟೇಟಿನ ಜೀಪುಗಳು ಒಂದರ ಹಿಂದೆ ಒಂದು ಕೆಟ್ಟು ಬರುತ್ತಿದ್ದವು. ಜೀಪಿನಲ್ಲಿ ಬಂದವರು ರಿಪೇರಿಯಾಗುವ ತನಕ ಎಲ್ಲಿ ಕೂರಬೇಕು? ಸರ್ದಾರ್ ಸಾಬರ ಜಗಲಿಯಲ್ಲಿ. ಅವರು ನೀರು ಕೇಳುತ್ತಿದ್ದರು, ರೌಶನ್ ಬೀ ಬೆಲ್ಲದ ಕಾಫಿ ಕೊಡುತ್ತಿದ್ದರು. ಕಾಫಿಯ ಜೊತೆಗೆ ವಿಚಾರಣೆ. ಯಾವ ಊರು, ಯಾರ ಮನೆ, ತಾಯಿಯ ತವರು ಎಲ್ಲಿ, ದೊಡ್ಡಕ್ಕನ್ನ ಎಲ್ಲಿಗೆ ಕೊಟ್ಟಿದ್ದು, ಆ ಮದುವೆ ಬೇಸಿಗೆಯಲ್ಲೋ ಮಳೆಗಾಲದಲ್ಲೋ. ಲೋಟ ಖಾಲಿಯಾಗುವಷ್ಟರಲ್ಲಿ ಬಂದವರ ಮೂರು ತಲೆಮಾರು ಅವರ ಸೆರಗಿನ ಗಂಟಿನಲ್ಲಿರುತ್ತಿತ್ತು.

ಆ ಶನಿವಾರವೂ ಹಾಗೇ ಆಯಿತು. ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ಹೊಸ ರೈಟರ್ ಜಗಲಿಯಲ್ಲಿ ಕೂತು, ರೌಶನ್ ಬೀಯ ಏಳನೆಯದೋ ಎಂಟನೆಯದೋ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ. ಒಳಗಿಂದ ಬಂದ ಇದ್ರೀಸನಿಗೆ ರೇಗಿತು.

"ಅಮ್ಮಿ, ಇದೇನು ಪೊಲೀಸ್ ಸ್ಟೇಷನ್ನಾ? ಪಾಪ, ಅವರು ನೀರು ಕೇಳಿದಾರೆ, ಅಷ್ಟೇ."

"ನೀರು ಕೊಟ್ಟೆನಲ್ಲ," ಎಂದರು ರೌಶನ್ ಬೀ.

"ಶಾಲೆಗೆ ಹೋಗುವಾಗ ನಾನು ಸ್ನೇಹಿತರನ್ನ ಮನೆಗೆ ಕರಕೊಂಡು ಬರೋದು ಬಿಟ್ಟಿದ್ದು ಇದಕ್ಕೇ."

ರೌಶನ್ ಬೀ ಲೋಟ ಎತ್ತಿಕೊಂಡು ಒಳಗೆ ಹೋದರು. ರೈಟರ್ ಜೀಪು ಹತ್ತಿ ಹೋದ ಮೇಲೆ, ಹಿತ್ತಲಿನ ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಹಣ್ಣನ್ನು ಕಾಲಿನಿಂದ ಕೆದಕುತ್ತ ಸೊಸೆಯ ಹತ್ತಿರ ಹೇಳಿಕೊಂಡರು. "ನನ್ನ ಬಾಯಿ ಕಂಡ್ರೆ ಅವನಿಗೆ ಆಗಲ್ಲ ತಾಹಿರಾ. ನಾನು ಹುಟ್ಟಿದ್ದೇ ಹೀಗೆ, ಎಂಥ ಮಾಡೋದು?" ಅವರ ಮುಖ ಸಣ್ಣದಾಗಿತ್ತು. ತಾಹಿರಾಳಿಗೆ ಗಂಡನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಇದ್ರೀಸನ ಪಾಠ ಮಾತ್ರ ನಿಲ್ಲಲಿಲ್ಲ. ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂತು ಹೇಳುತ್ತಿದ್ದ: ಅಲ್ಲಿ ಬಳೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಬಾರದು. ಪಾಸ್‌ಪೋರ್ಟ್ ಒಂದು ಕಡೆ, ಅದರ ನಕಲು ಇನ್ನೊಂದು ಕಡೆ. ಫೋನು ಬಂದು ಯಜಮಾನರಿದ್ದಾರಾ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನಬಾರದು, ಸ್ನಾನ ಮಾಡುತ್ತಿದ್ದಾರೆ ಎನ್ನಬೇಕು. ಟ್ಯಾಕ್ಸಿಯಲ್ಲಿ ಹಿಂದೆ ಕೂರಬೇಕು. ಊರಿಗೆ ಹೊರಡುವ ದಿನ ಯಾವುದೆಂದು ಯಾರಿಗೂ ಹೇಳಬಾರದು.

"ಇಡೀ ದಿನ ಸ್ನಾನ ಮಾಡ್ತಿದಾರೆ ಅಂದ್ರೆ ಯಾರು ನಂಬ್ತಾರೆ?" ಎಂದಳು ತಾಹಿರಾ.

ಅವನು ನಗಲಿಲ್ಲ. ಮೊದಲು ಇಂಥ ಮಾತಿಗೆ ಬಿದ್ದುಬಿದ್ದು ನಗುತ್ತಿದ್ದವನು. ಅದೇ ಅವಳಿಗೆ ಕಸಿವಿಸಿಯಾಗುತ್ತಿತ್ತು. ಅಪ್ಪನಿಗೆ ತೆಗೆದುಕೊಂಡಿದ್ದೇನೆ ಎಂದು ಬರೆದಿದ್ದ ಟೇಪ್ ರೆಕಾರ್ಡರೂ ಬಂದಿರಲಿಲ್ಲ. ಕೇಳಿದರೆ, "ಮುಂದಿನ ಸಲ" ಎಂದು ಮಾತು ಮುಗಿಸುತ್ತಿದ್ದ.

ಎರಡನೆಯ ವಾರ ಪರೀಕ್ಷೆ ಶುರುವಾಯಿತು. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತಾಹಿರಾ ತೂತಿನಲ್ಲಿ ಕಣ್ಣಿಟ್ಟು ನೋಡಿದರೆ, ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡ ಮುದುಕಿ. ಕಾಫಿ ಕೊಯ್ಯಲು ಬಂದವಳಿರಬೇಕು. "ತಾಯಿ, ಬಾಯಾರಿದೆ," ಎಂದಳು ಮುದುಕಿ. ಬಾಯಾರಿದವರಿಗೆ ಬಾಗಿಲ ಸಂದಿಯಿಂದ ನೀರು ಕೊಡುವುದು ಹೇಗೆ? ತಾಹಿರಾ ಸರಪಳಿ ತೆಗೆದಳು. ಒಳಗೆ ಕೂರಿಸಿದಳು. ನೀರು ಕೊಟ್ಟಳು. ಬೆಳಗಿನ ಅಕ್ಕಿರೊಟ್ಟಿ ಎರಡು ಉಳಿದಿದ್ದವು, ಅದರ ಮೇಲೆ ಚಟ್ನಿ ಹಾಕಿ ಅದನ್ನೂ ಕೊಟ್ಟಳು.

ಮುದುಕಿ ಎರಡನೆಯ ರೊಟ್ಟಿಗೆ ಕೈ ಹಾಕುವಾಗ ಇದ್ರೀಸ್ ಬಾಗಿಲಲ್ಲಿ ನಿಂತಿದ್ದ.

"ನೋಡಯ್ಯ, ನೀನು ನೀರು ಕೇಳು ಅಂದಿದ್ದೆ, ನಾನು ನೀರೇ ಕೇಳಿದ್ದು," ಎಂದಳು ದ್ಯಾವಮ್ಮ. ಅದು ಆ ಮುದುಕಿಯ ಹೆಸರು. "ರೊಟ್ಟಿ ನಾನು ಕೇಳಲಿಲ್ಲ. ಈ ಮಗು ತಾನಾಗೇ ಕೊಟ್ಟಿದ್ದು."

ಅವಳು ತಿಂದು ಹೋದ ಮೇಲೆ ಇದ್ರೀಸ್ ಸರಪಳಿ ಹಾಕಿದ. ಆಮೇಲೆ ಹೇಳಿದ: "ನೀನು ಇಲ್ಲೇ ಇರು ತಾಹಿರಾ. ನಿನ್ನ ಕೈಲಿ ಆಗಲ್ಲ. ನಾನು ಒಬ್ಬನೇ ಹೋಗ್ತೀನಿ."

ತಾಹಿರಾ ಲೆಕ್ಕ ಹಾಕಿದಳು. ಇನ್ನೂ ಎರಡು ವರ್ಷ. ಮತ್ತೆ ಕಾಗದ, ಮತ್ತೆ ಕಾಯುವುದು. "ಒಂದು ಲೋಟ ನೀರಿಗೆ ಇಷ್ಟಾ?" ಎಂದಷ್ಟೇ ಕೇಳಲು ಅವಳಿಂದಾಯಿತು.

ಆ ಸುದ್ದಿ ರಾತ್ರಿ ಊಟದ ಹೊತ್ತಿಗೆ ಅತ್ತೆಗೆ ತಲುಪಿತ್ತು. ಶುಕ್ರವಾರ, ಖೀಮಾ ಮಾಡಿದ್ದರು. ರೌಶನ್ ಬೀ ಮಗನ ತಟ್ಟೆಗೆ ಸೌಟು ಬಡಿದು ಬಡಿಸಿದರು. ಸಿಟ್ಟು ಬಂದಾಗ ಅವರು ಬಡಿಸುವುದೇ ಹಾಗೆ, ಹೆಚ್ಚು ಸದ್ದು, ಹೆಚ್ಚು ಖೀಮಾ.

"ಹೆಂಡತೀನ ಬಿಟ್ಟು ಹೋಗ್ತೀಯಂತೆ?"

"ಅವಳ ಒಳ್ಳೇದಕ್ಕೇ ಹೇಳ್ತಿರೋದು ಅಮ್ಮಿ. ಇಲ್ಲಿಯ ಹಾಗಲ್ಲ ಅಲ್ಲಿ. ಬಾಗಿಲಿಗೆ ಬಂದೋರೆಲ್ಲ ನೆಂಟರಲ್ಲ."

"ಇಲ್ಲಿ ಬಂದೋರೂ ನೆಂಟರಲ್ಲ. ಮೂವತ್ತು ವರ್ಷದಿಂದ ಈ ಬಾಗಿಲು ತೆಗೆದೇ ಇದೆ. ಒಂದು ಚಮಚ ಕಳೆದುಹೋಗಿದೆಯಾ ಕೇಳು ನಿನ್ನ ಅಬ್ಬಾನ್ನ."

ಸರ್ದಾರ್ ಸಾಬರು ಊಟದ ನಡುವೆ ಮಾತಾಡುವವರಲ್ಲ. ಅವತ್ತು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದರು. "ಚಮಚ ಬಿಡು. ಟೇಪ್ ರೆಕಾರ್ಡರ್ ಎಲ್ಲಿ ಹೋಯ್ತು ಇದ್ರೀಸ್?"

"ಮುಂದಿನ ಸಲ ಅಂದೆನಲ್ಲ ಅಬ್ಬಾ."

"ತಗೊಂಡಿದೀನಿ ಅಂತ ಬರೆದಿದ್ದೆ. ತಗೋತೀನಿ ಅಂತ ಅಲ್ಲ."

ಇದ್ರೀಸ್ ತಟ್ಟೆಯಲ್ಲೇ ಕಣ್ಣಿಟ್ಟ. ತಾಹಿರಾ ನೀರಿನ ಚೊಂಬು ಹಿಡಿದು ನಿಂತವಳು ಕದಲಲಿಲ್ಲ.

"ಕಳುವಾಯ್ತು," ಎಂದ ಕೊನೆಗೆ. "ಅದು, ತಾಹಿರಾಗೆ ತಗೊಂಡಿದ್ದ ಬಳೆ, ವಾಚು, ಎಲ್ಲ. ನಾನೇ ಬಾಗಿಲು ತೆಗೆದೆ."

"ಯಾರಿಗೆ?" ಎಂದರು ರೌಶನ್ ಬೀ.

ಅವನು ಹೇಳಿದ. ಒಂದು ರಜಾದಿನ, ಜೊತೆಯವರೆಲ್ಲ ಹೊರಗೆ ಹೋಗಿದ್ದರು. ಬಾಗಿಲು ಬಡಿಯಿತು. ಹೊರಗಿದ್ದವನು ಕನ್ನಡದಲ್ಲಿ, ನಾನೂ ನಿಮ್ಮ ಕಡೆಯವನೇ ಎಂದ. ಆ ಮರಳುಗಾಡಿನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದು ಎಷ್ಟೋ ತಿಂಗಳಾಗಿತ್ತು.

"ಯಾವ ಕಡೆ ಅಂತ ಕೇಳಿದ್ಯಾ?"

"ಕೇಳಿದೆ. ಮೂಡಿಗೆರೆ ಕಡೆಯಾ ಅಂದೆ. ಹೌದು ಅಂದ. ಬಾಳೂರಾ ಅಂದೆ. ಬಾಳೂರೇ ಅಂದ. ಹಾಗಾದ್ರೆ ಜಿಯಾಉದ್ದೀನ್ ಸಾಬರು ಗೊತ್ತಿರಬೇಕಲ್ಲ ಅಂದೆ. ಅವರು ನನ್ನ ಸೋದರಮಾವ ಆಗಬೇಕು ಅಂದ."

ರೌಶನ್ ಬೀ ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲಿಟ್ಟರು. "ಊರು ನೀನೇ ಕೊಟ್ಟೆ. ಮಾವನ್ನೂ ನೀನೇ ಕೊಟ್ಟೆ. ಅವನು ಹೌದು ಅಂದಿದ್ದು ಬಿಟ್ರೆ ಇನ್ನೆಂಥ ಹೇಳಿದ?"

"ಏನೂ ಇಲ್ಲ."

"ಜಿಯಾಉದ್ದೀನ್ ಸಾಬರಿಗೆ ಇರೋದು ಒಬ್ಬಳೇ ತಂಗಿ. ಅವಳಿಗೆ ಗಂಡು ಮಕ್ಕಳೇ ಇಲ್ಲ. ತಾಯಿ ಹೆಸರು ಎಂಥ ಅಂತ ಒಂದು ಮಾತು ಕೇಳಿದ್ರೆ ಸಿಕ್ಕಿಬೀಳ್ತಿದ್ದ. ಯಾಕೆ ಕೇಳಲಿಲ್ಲ?"

ಇದ್ರೀಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಾಚಿಕೆ ಆಯ್ತು ಅಮ್ಮಿ. ನಿನ್ನ ಹಾಗೆ ಕೆದಕಿ ಕೆದಕಿ ಕೇಳಬಾರದು ಅನ್ನಿಸ್ತು. ಅಷ್ಟು ದೂರದಿಂದ ಬಂದೋನನ್ನ ಬಾಗಿಲಲ್ಲಿ ನಿಲ್ಲಿಸಿ ಏನು ಕೇಳೋದು ಅಂತ, ಒಳಗೆ ಕೂರಿಸಿ, ನೀನು ಕಳಿಸಿದ ಪುಡಿಯಲ್ಲೇ ಕಾಫಿ ಮಾಡೋಕೆ ಹೋದೆ. ಹಾಲು ಉಕ್ಕೋದರೊಳಗೆ ಅವನೂ ಇಲ್ಲ, ಸಾಮಾನೂ ಇಲ್ಲ. ಎರಡು ಲೋಟ ಕಾಫಿ ಒಬ್ಬನೇ ಕುಡಿದೆ."

ಯಾರೂ ನಗಲಿಲ್ಲ. ಎರಡು ವಾರದಿಂದ ಬಾಗಿಲಿಗೆ ಸರಪಳಿ ಬಿಗಿಯುತ್ತಿದ್ದವನು ಹೆದರಿದ್ದು ಯಾವುದಕ್ಕೆ ಎಂದು ತಾಹಿರಾಳಿಗೆ ಈಗ ಅರ್ಥವಾಯಿತು. ಅವಳ ಸಿಟ್ಟು ಇಳಿಯಿತು. ಅವನ ತಟ್ಟೆಯ ಪಕ್ಕ ಚೊಂಬನ್ನಿಟ್ಟು ಅಲ್ಲೇ ಕೂತಳು.

ರೌಶನ್ ಬೀ ಮಗನ ಬೆನ್ನು ಸವರಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. ಅವರ ಮುಖದ ಮೇಲೆ ಎರಡು ವಾರದಿಂದ ಕಾಣದಿದ್ದ ಗೆಲುವು ಬಂದಿತ್ತು.

"ಅವನು ಸರಪಳಿ ಹಾಕೋದು ಕಲಿಸಲಿ, ಅದೂ ಬೇಕು. ಮಾತು ನಾನು ಕಲಿಸ್ತೀನಿ. ನಾಳೆ ಬೆಳಿಗ್ಗೆ ಬಾ."

ಮರುದಿನದಿಂದ ಆ ಮನೆಯಲ್ಲಿ ನಡೆದದ್ದನ್ನು ನೋಡಲು ರುಕ್ಮಿಣಮ್ಮ ದಿನಾ ಕೆಲಸ ಬಿಟ್ಟು ಬರುತ್ತಿದ್ದರು. ತಾಹಿರಾ ಬಾಗಿಲ ಒಳಗೆ, ರೌಶನ್ ಬೀ ಹೊರಗೆ. ರೌಶನ್ ಬೀ ಒಮ್ಮೆ ವಿಮಾ ಏಜೆಂಟ್, ಒಮ್ಮೆ ಬಟ್ಟೆ ವ್ಯಾಪಾರಿ, ಒಮ್ಮೆ ಕುವೈತಿನ ಪೊಲೀಸ್. ಕುವೈತಿನ ಪೊಲೀಸಿನವನ ಬಾಯಿಯಲ್ಲಿ ಎಲೆಅಡಿಕೆ ಇರುತ್ತಿತ್ತು.

"ನಾನು ನಿಮ್ಮ ಯಜಮಾನರ ಚಿಕ್ಕಪ್ಪನ ಮಗ," ಎನ್ನುತ್ತಿದ್ದರು ಗಂಡಸಿನ ದನಿಯಲ್ಲಿ.

"ಯಾವ ಚಿಕ್ಕಪ್ಪ, ಶಿವಮೊಗ್ಗದವರಾ?"

"ಹೋಯ್ತು. ನೀನೇ ಶಿವಮೊಗ್ಗ ಅಂದೆ. ನಿನ್ನ ಪ್ರಶ್ನೆಯೊಳಗೆ ಉತ್ತರ ಇರಬಾರದು ಮಾರಾಯ್ತಿ. ನೆಂಟಸ್ತನ ಹುಡುಕೋ ಆಸೆಗೆ ನಾವೇ ದಾರಿ ತೋರಿಸಿಬಿಡ್ತೀವಿ. ಇನ್ನೊಂದು ಸಲ."

"ಚಿಕ್ಕಪ್ಪನ ಹೆಸರೇನು?"

"ಹೆಸರು ಯಾರು ಬೇಕಾದ್ರೂ ಕೇಳಿ ತಿಳ್ಕೋತಾರೆ. ಆ ಮನೇಲಿ ಉಂಡವರಿಗೆ ಮಾತ್ರ ಗೊತ್ತಿರೋದನ್ನ ಕೇಳು. ಅನುಮಾನ ಬಂದ್ರೆ ಇಲ್ಲದೇ ಇರೋದನ್ನ ಇದೆ ಅಂತ ಕೇಳು. ಕಳ್ಳ ಅದಕ್ಕೂ ಹೌದು ಅಂತಾನೆ. ಬಾಗಿಲು ಹಾಕಿರು, ಬಾಯಿ ತೆಗೆದಿರು. ಗೊತ್ತಾಯ್ತಾ?"

ಪಾತ್ರೆ ತೊಳೆಯುವಾಗ, ಕಾಫಿ ಹಣ್ಣು ಕೆದಕುವಾಗ, ನೀರು ಸೇದುವಾಗ ಇದೇ ಅಭ್ಯಾಸ. ವಾರ ಕಳೆಯುವಷ್ಟರಲ್ಲಿ ತಾಹಿರಾ ಪ್ರಶ್ನೆ ಕೇಳಿ ಕೇಳಿ ಅತ್ತೆಯ ಬಾಯಿಯನ್ನೇ ಕಟ್ಟಿಹಾಕತೊಡಗಿದಳು. ಇದ್ರೀಸ್ ದೂರ ಕೂತು ಕೇಳುತ್ತಿದ್ದ. ಟಿಕೆಟ್ಟಿನ ಮಾತನ್ನು ಮಾತ್ರ ಎತ್ತಲಿಲ್ಲ. ತಾಹಿರಾಳೂ ಕೇಳಲಿಲ್ಲ, ಆದರೆ ತನ್ನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಅವನ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದಳು.

ಹೊರಡಲು ಕೆಲವೇ ದಿನ ಉಳಿದಿತ್ತು. ರೌಶನ್ ಬೀ ರುಕ್ಮಿಣಮ್ಮನ ಮನೆಗೆ ಹಪ್ಪಳ ಒತ್ತಲು ಹೋಗಿದ್ದರು. ಬಾಗಿಲು ದಡದಡ ಬಡಿಯಿತು. ತೂತಿನಲ್ಲಿ ಕಂಡದ್ದು ಗುರುತಿಲ್ಲದ ಗಂಡಸು, ಖಾಕಿ ಅಂಗಿ, ಹಿಂದೆ ರಸ್ತೆಯಲ್ಲಿ ಒಂದು ಲಾರಿ.

"ಬೇಗ ಬಾಗಿಲು ತೆಗೀರಮ್ಮ. ಇದ್ರೀಸ್ ಸಾಬರ ಜೀಪು ಮಗುಚಿದೆ. ಚಿಕ್ಕಮಗಳೂರು ಆಸ್ಪತ್ರೆಗೆ ಹಾಕಿದಾರೆ. ನಿಮ್ಮನ್ನ ಕರಕೊಂಡು ಬಾ ಅಂದ್ರು, ಮನೇಲಿರೋ ಒಡವೆನೂ ತರಬೇಕಂತೆ, ಖರ್ಚಿಗೆ."

ತಾಹಿರಾಳ ಕೈ ತಾನಾಗಿಯೇ ಸರಪಳಿಗೆ ಹೋಯಿತು. ಇದ್ರೀಸ್ ಬೆಳಿಗ್ಗೆ ಜೀಪು ತೆಗೆದುಕೊಂಡು ಹೋದದ್ದು ನಿಜ. ನಿಜವಾಗಿದ್ದರೆ? ಕೇಳುತ್ತ ನಿಂತು ಹೊತ್ತು ಕಳೆದು, ಅಲ್ಲಿ ಅವನಿಗೆ ಏನಾದರೂ ಆಗಿಬಿಟ್ಟರೆ? ಬೆರಳು ಸರಪಳಿಯ ಕೊಂಡಿಯಲ್ಲೇ ಇತ್ತು. ಆದರೂ ಬಾಯಿ ಅತ್ತೆಯ ಮಾತು ಕೇಳಿತು.

"ಎಲ್ಲಿ ಮಗುಚಿತು?"

"ತಿರುವಿನಲ್ಲಿ."

"ಯಾವ ತಿರುವು?"

"ಅದೇ, ಘಾಟಿಯಲ್ಲಿ. ಮಾತಾಡೋಕೆ ಹೊತ್ತಿಲ್ಲಮ್ಮ."

"ಅವರ ತಮ್ಮನೂ ಜೀಪಲ್ಲಿದ್ದ. ಅವನಿಗೆ ಎಂಥ ಆಗಿದೆ?"

ಆ ಗಂಡಸು ಲಾರಿಯ ಕಡೆ ತಿರುಗಿ ನೋಡಿದ. "ಅವರಿಗೂ ಸ್ವಲ್ಪ ಪೆಟ್ಟಾಗಿದೆ. ಕೈಗೆ."

ಇದ್ರೀಸನಿಗೆ ತಮ್ಮನೇ ಇರಲಿಲ್ಲ. ತಾಹಿರಾ ಸರಪಳಿಯಿಂದ ಕೈ ತೆಗೆದಳು.

"ಜಗಲಿಯಲ್ಲಿ ಕೂತಿರಿ ಅಣ್ಣ. ಒಡವೆ ತಗೊಂಡು ಬಂದೆ," ಎಂದಳು ಮೆತ್ತಗೆ. ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಲ ಬಾಗಿಲಿನಿಂದ ಇಳಿದು, ಕಾಫಿ ಕಣ ದಾಟಿ ಗ್ಯಾರೇಜಿಗೆ ಓಡಿದಳು.

ಖಾಕಿ ಅಂಗಿಯವನು ಆರಾಮಾಗಿ ಬೀಡಿ ಹಚ್ಚುವಷ್ಟರಲ್ಲಿ ಸರ್ದಾರ್ ಸಾಬರು ದೊಡ್ಡ ಸ್ಪ್ಯಾನರ್ ಹಿಡಿದು ಎದುರಿಗೆ ನಿಂತಿದ್ದರು. ಹಿಂದೆ ಗ್ಯಾರೇಜಿನ ಇಬ್ಬರು. ರಸ್ತೆಯ ಆಚೆಯಿಂದ, ಹಪ್ಪಳದ ಹಿಟ್ಟು ಮೆತ್ತಿದ ಕೈಯಲ್ಲೇ ರೌಶನ್ ಬೀ ಮತ್ತು ರುಕ್ಮಿಣಮ್ಮ. ಸರ್ದಾರ್ ಸಾಬರು ಅವನ ಕೊರಳಪಟ್ಟಿ ಹಿಡಿದದ್ದೇ ತಡ, ಲಾರಿಯ ಒಳಗಿಂದ ಇದ್ರೀಸ್ ಧುಮುಕಿದ.

"ಅಬ್ಬಾ, ಬಿಡಿ, ಬಿಡಿ. ಅವನು ರೇವಣ್ಣ, ನನ್ನ ಸ್ನೇಹಿತ. ನಾನೇ ಕಳಿಸಿದ್ದು."

ಎಲ್ಲರೂ ಅವನನ್ನು ನೋಡಿದರು. ರೇವಣ್ಣ ಬೀಡಿ ಕೆಳಗೆ ಹಾಕಿ, "ಇದು ಬೇಡ ಮಾರಾಯ ಅಂತ ನಾನು ಆಗಲೇ ಹೇಳಿದ್ದೆ," ಎಂದ.

ತಾಹಿರಾ ಮುಂದೆ ಬಂದಳು. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಅತ್ತೆ ಮಾವನ ಎದುರು ಗಂಡನಿಗೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

"ಜೀಪು ಮಗುಚಿತು ಅಂದಾಗ ನನಗೆ ಹೇಗಾಯ್ತು ಅಂತ ನಿಮಗೆ ಗೊತ್ತಾ? ಇದೇ ಕೊನೆ ಪರೀಕ್ಷೆ. ಇನ್ನೊಂದು ಮಾಡಿದ್ರೆ, ನೀವು ಕರೆದ್ರೂ ನಾನು ಬರಲ್ಲ."

"ಇಲ್ಲ," ಎಂದ ಇದ್ರೀಸ್. "ಇನ್ನಿಲ್ಲ. ತಪ್ಪಾಯ್ತು." ಆಮೇಲೆ, "ಆ ತಮ್ಮ ಎಲ್ಲಿಂದ ಬಂದ?" ಎಂದ.

"ಅತ್ತೆ ಕೊಟ್ಟಿದ್ದು," ಎಂದಳು ತಾಹಿರಾ.

ರೌಶನ್ ಬೀ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ನಗು ಮುಗಿದ ಮೇಲೆ ರೇವಣ್ಣನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಯಾವ ಊರಪ್ಪ, ಯಾರ ಮನೆ ಎಂದು ಶುರುಮಾಡಿದರು. ಇದ್ರೀಸ್ ತಡೆಯಲಿಲ್ಲ. ಪಕ್ಕದಲ್ಲೇ ಕೂತು ಕೊನೆಯವರೆಗೂ ಕೇಳಿದ.

ಹೊರಡುವ ದಿನ ಅವನು ಮುಂಬಾಗಿಲಿನ ಸರಪಳಿ ಬಿಚ್ಚಿ ತಾಹಿರಾಳ ಪೆಟ್ಟಿಗೆಯಲ್ಲಿ, ಕಾಫಿಪುಡಿ ಡಬ್ಬದ ಪಕ್ಕದಲ್ಲಿಟ್ಟ. ಮೊಳೆಯ ತೂತುಗಳಿಗೆ ರೌಶನ್ ಬೀ ಸೋಪು ಮೆತ್ತಿದರು. ಬಾಗಿಲು ಮತ್ತೆ ಗೋಡೆಗೆ ಒರಗಿ ನಿಂತಿತು.

ಕುವೈತಿನಲ್ಲಿ ಅವರದ್ದು ಎರಡು ಕೋಣೆಯ ಮನೆ. ತಾಹಿರಾ ಬಳೆ ಬಿಚ್ಚಿಟ್ಟು ಮಾರ್ಕೆಟ್ಟಿಗೆ ಹೋದಳು, ಫೋನಿನಲ್ಲಿ ಗಂಡನಿಗೆ ಹೊತ್ತುಗೊತ್ತಿಲ್ಲದೆ ಸ್ನಾನ ಮಾಡಿಸಿದಳು. ಹೇಳಿದ್ದನ್ನೆಲ್ಲ ಪಾಲಿಸಿದಳು. ಬಾಗಿಲು ಬಡಿದವರಲ್ಲಿ ಹೆಚ್ಚಿನವರು ಅವಳ ಮೂರನೆಯ ಪ್ರಶ್ನೆಗೇ ಹೊರಟುಹೋಗುತ್ತಿದ್ದರು.

ಒಂದು ಶುಕ್ರವಾರ ಸಂಜೆ, ಇದ್ರೀಸ್ ಮನೆಯಲ್ಲಿದ್ದಾಗಲೇ ಬಾಗಿಲು ಬಡಿಯಿತು. ತೂತಿನಾಚೆ ಕುರುಚಲು ಗಡ್ಡದ ಒಬ್ಬ ಯುವಕ.

"ಇಲ್ಲಿ ಕನ್ನಡದವರಿದಾರೆ ಅಂತ ಅಂಗಡಿಯವರು ಹೇಳಿದ್ರು," ಎಂದ. "ನಾನೂ ನಿಮ್ಮ ಕಡೆಯವನೇ."

ಇದ್ರೀಸನ ಮುಖ ಬಿಳಿಚಿಕೊಂಡಿತು. ಅದೇ ಮಾತು. ಬೇಡ ಎಂದು ಕೈಸನ್ನೆ ಮಾಡಿದ. ತಾಹಿರಾ ಅವನ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಯಾವ ಕಡೆ?" ಎಂದಳು ಬಾಗಿಲಿನ ಒಳಗಿಂದ. ಅಷ್ಟೇ, ಬೇರೇನೂ ಹೇಳಿಕೊಡಲಿಲ್ಲ.

"ಕಳಸ. ಪುಟ್ಟಸ್ವಾಮಿ ಅಂತ. ಕುದುರೆಮುಖದಲ್ಲಿ ವೆಲ್ಡಿಂಗ್ ಮಾಡ್ತಿದ್ದೆ."

"ತಾಯಿಯ ತವರು?"

"ಹಿರೇಬೈಲು."

"ಅಕ್ಕ ಇದಾರಾ? ಎಲ್ಲಿಗೆ ಕೊಟ್ಟಿದ್ದು?"

"ಚಿಕ್ಕಮಗಳೂರಿಗೆ." ಅವನ ದನಿಯಲ್ಲಿ ಬೇಸರವೂ ನಗುವೂ ಸೇರಿತ್ತು. "ನೀವು ಒಳ್ಳೆ ಆ ಆಲ್ದೂರಿನ ಸಾಬರಮ್ಮನ ಹಾಗೆ ಕೇಳ್ತೀರಲ್ಲ."

ಇದ್ರೀಸ್ ಎದ್ದು ನಿಂತ. ತಾಹಿರಾ ಬಾಗಿಲಿಗೆ ಇನ್ನೂ ಹತ್ತಿರ ಬಂದಳು. "ಯಾವ ಸಾಬರಮ್ಮ?"

"ಹೆಸರು ಗೊತ್ತಿಲ್ಲ ಅಕ್ಕ. ಅಕ್ಕನ ಮನೆಗೆ ಹೋಗುವಾಗ ಜೀಪು ಕೆಟ್ಟಿತ್ತು. ಗ್ಯಾರೇಜಿನ ಪಕ್ಕದ ಮನೆ. ನೀರು ಕೇಳಿದ್ರೆ ಬೆಲ್ಲದ ಕಾಫಿ ಕೊಟ್ರು. ಲೋಟ ಖಾಲಿ ಆಗೋದರೊಳಗೆ ನನ್ನ ಅಜ್ಜನ ಮದುವೆ ತನಕ ಎಲ್ಲ ಹೇಳಿಸಿಬಿಟ್ರು. ಇಲ್ಲಿಗೆ ಬಂದ ಮೇಲೆ, ಮನೆಯವರ ಸುದ್ದಿಯನ್ನ ಅಷ್ಟು ಅಕ್ಕರೆಯಿಂದ ಕೇಳಿದೋರು ಯಾರೂ ಇಲ್ಲ."

ತಾಹಿರಾ ಸರಪಳಿಗೆ ಕೈ ಹಾಕುವ ಮೊದಲೇ ಇದ್ರೀಸ್ ಅದನ್ನು ತೆಗೆದಿದ್ದ. ಬಾಗಿಲನ್ನು ಗೋಡೆಗೆ ತಾಗುವ ತನಕ ತೆರೆದು, ಅವನ ಭುಜ ಹಿಡಿದು ಒಳಗೆ ಕರೆದುಕೊಂಡ.

"ಬಾ ಮಾರಾಯ, ಕೂತ್ಕೊ," ಎಂದ. "ಅವರು ನಮ್ಮ ಅಮ್ಮಿ."

ತಾಹಿರಾ ಒಲೆಯ ಮೇಲೆ ಮೂರು ಲೋಟ ಕಾಫಿಗೆ ನೀರಿಟ್ಟಳು.